ಅಡಿಕೆ ತಟ್ಟೆಗೆ ಕಿವಿ ಬಂದ ದಿನ

ಇಂದು ಮಧ್ಯಾಹ್ನ ಮೇಜಿನ ಖಾನೆಯಲ್ಲಿ ಸೂಜಿ ಹುಡುಕುತ್ತಿದ್ದಾಗ ನನ್ನ ಹಳೆಯ ಇಯರ್‌ಬಡ್ಸ್‌ನ ಬಿಳಿ ಡಬ್ಬಿ ಕೈಗೆ ಸಿಕ್ಕಿತು. ಹೆಬ್ಬೆರಳಿನಿಂದ ಮುಚ್ಚಳ ಎತ್ತಿ ಬಿಟ್ಟೆ. ಟಕ್ ಎಂದಿತು. ನಿಮಗೆ ಅದು ಡಬ್ಬಿ ಮುಚ್ಚಿದ ಸದ್ದು. ನನಗೆ ಮಾತ್ರ ಆ ಸದ್ದಿನ ಹಿಂದೆಯೇ ಮಿರ್ಚಿ ಭಜಿಯ ವಾಸನೆ ಬರುತ್ತದೆ, ಹೊಟ್ಟೆಯೊಳಗಿಂದ ನಗು ಏಳುತ್ತದೆ. ಕುಳಿತುಕೊಳ್ಳಿ, ಹೇಳಿಬಿಡುತ್ತೇನೆ. ಸೂಜಿ ಆಮೇಲೆ ಹುಡುಕಿದರಾಯಿತು.

ಆಗ ನಾನು ಗದಗಿನ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದೆ. ಊರವರ ಲಗ್ನಪತ್ರಿಕೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಅಂದಗೊಳಿಸುವವಳು ನಾನೇ, ನನ್ನದೊಂದಕ್ಕೆ ಮಾತ್ರ ಇನ್ನೂ ಕಾಲ ಕೂಡಿ ಬಂದಿರಲಿಲ್ಲ. ಹಗಲೆಲ್ಲ ಬೆನ್ನ ಹಿಂದೆ ಮುದ್ರಣಯಂತ್ರದ ದಡಬಡ. ಸಂಜೆ ಬೆಟಗೇರಿಯ ಮನೆಗೆ ಬಂದರೆ ಪಕ್ಕದ ಮನೆಯ ಮಗ್ಗದ ಖಟಪಟ. ದೀಪಾವಳಿಯ ಬೋನಸ್ಸು ಕೈಗೆ ಬಂದದ್ದೇ ತಡ, ಇದ್ದುದರಲ್ಲೇ ಭಾರಿ ಇಯರ್‌ಬಡ್ಸ್ ತರಿಸಿಬಿಟ್ಟೆ. ಮೊದಲ ದಿನ ಕಿವಿಗಿಟ್ಟು ಗುಂಡಿ ಒತ್ತಿದೆ ನೋಡಿ, ಯಂತ್ರ ಕಣ್ಣೆದುರೇ ಕುಣಿಯುತ್ತಿದೆ, ಸದ್ದಿಲ್ಲ. ಯಜಮಾನರ ಬಾಯಿ ಆಡುತ್ತಿದೆ, ಅದಕ್ಕೂ ಸದ್ದಿಲ್ಲ. ಇಷ್ಟೊಂದು ಸುಖಕ್ಕೆ ಸರ್ಕಾರ ಹೇಗೆ ಪರವಾನಗಿ ಕೊಟ್ಟಿದೆಯೋ ಎಂದು ಆಶ್ಚರ್ಯವಾಯಿತು.

ನಮ್ಮ ಅಜ್ಜಿ ಅವನ್ನು ಅವರೆಕಾಳು ಎಂದು ಕರೆದಳು.

“ಇಷ್ಟ ರೊಕ್ಕಾ ಕೊಟ್ಟು ಕಿವುಡಿ ಆಗಾಕ ಹೊಂಟೀಯಲ್ಲ, ನನ್ನ ಕೇಳಿದ್ರ ಪುಕಟ್ಟ ಕಲಿಸಿಕೊಡ್ತಿದ್ನಲ್ಲ” ಎಂದಳು. ಅದು ನಿಜ. ಅಜ್ಜಿಗೆ ತನಗೆ ಬೇಡದ ಮಾತು ಎಂದೂ ಕೇಳಿಸಿದ್ದಿಲ್ಲ.

ಆದರೆ ಅವುಗಳಿಗೆ ಇನ್ನೊಂದು ವಿದ್ಯೆಯೂ ಗೊತ್ತಿದೆ ಎಂದು ತಿಳಿದಾಗ ಅಜ್ಜಿಯ ಮುಖ ಅರಳಿತು. ಫೋನನ್ನು ಒಂದು ಕೋಣೆಯಲ್ಲಿಟ್ಟು ಕಾಳುಗಳನ್ನು ಇನ್ನೊಂದು ಕೋಣೆಯಲ್ಲಿ ಕಿವಿಗಿಟ್ಟುಕೊಂಡರೆ, ಅಲ್ಲಿಯ ಮಾತು ಇಲ್ಲಿ ಕೇಳಿಸುತ್ತದೆ. “ಮುಂಡರಗಿಯವ್ರು ಆದಿತ್ವಾರ ಬರ್ತಾರ, ಹೌದಿಲ್ಲೋ?” ಎಂದಳು ಅಜ್ಜಿ.

ಮುಂಡರಗಿಯವರು ಎಂದರೆ ನನ್ನನ್ನು ನೋಡಲು ಬರುವವರು. ಹೆಣ್ಣು ನೋಡುವ ಶಾಸ್ತ್ರ ನಿಮಗೂ ಗೊತ್ತಿದೆ. ಹುಡುಗಿ ತಿಂಡಿ ಕೊಟ್ಟು, ಹಿರಿಯರ ಕಾಲಿಗೆ ಬಿದ್ದು, ಒಳಗೆ ಹೋಗಬೇಕು. ಆಕೆಯ ಹಿಂದೆ ಪರದೆ ಬಿದ್ದ ಮೇಲೆಯೇ ಪಡಸಾಲೆಯಲ್ಲಿ ಖರೆ ಮಾತು ಶುರು. ಮೊದಲು ಬಂದಿದ್ದ ಶಿರಹಟ್ಟಿಯವರು ನನ್ನೆದುರು ಶಿರಾವನ್ನು ಹೊಗಳಿ, ಅರ್ಧ ತಟ್ಟೆಯಲ್ಲೇ ಬಿಟ್ಟು, ಹುಡುಗಿ ಎತ್ತರ ಹೆಚ್ಚಾಯಿತೆಂದು ಆಮೇಲೆ ಹೇಳಿ ಕಳಿಸಿದ್ದರು. ಲಕ್ಷ್ಮೇಶ್ವರದವರು ಮಗಳ ಹಾಗೆ ನೋಡಿಕೊಳ್ಳುತ್ತೇವೆಂದು ಹೋದವರು ಹೇಳಿ ಕಳಿಸುವ ಗೋಜಿಗೂ ಹೋಗಲಿಲ್ಲ. ಅವ್ವನಿಗೆ ಸಾಕಾಗಿತ್ತು. “ಈ ಸಲ ಅವ್ರು ಎದ್ದು ಹೋಗೂದ್ರಾಗ ಹೂಂ ಅನ್ನು, ಇಲ್ಲಾ ಉಹೂಂ ಅನ್ನು” ಎಂದಿದ್ದಳು. ಒಂದು ತಟ್ಟೆ ತಿಂಡಿ ಖಾಲಿಯಾಗುವುದರೊಳಗೆ ಜನ್ಮದ ಮಾತು ಹೇಳಬೇಕು. ಈಗ ನಗುತ್ತ ಹೇಳುತ್ತಿದ್ದೇನೆ, ಆದರೆ ಆ ವಾರವಿಡೀ ನನಗೆ ಅನ್ನ ಸೇರಿರಲಿಲ್ಲ. ಎದುರಿಗೆ ಆಡುವ ಮಾತು ನನಗೆ ಬೇಡವಾಗಿತ್ತು, ಪರದೆಯ ಆಚೆಯದು ಬೇಕಾಗಿತ್ತು.

ಫೋನು ಎಲ್ಲಿಡುವುದು? ಅಜ್ಜಿಯೇ ಜಾಗ ತೋರಿಸಿದಳು. ನಮ್ಮ ಎಲೆ-ಅಡಿಕೆಯ ಹಿತ್ತಾಳೆ ತಟ್ಟೆಗೆ ಗಿಡ್ಡ ಕಾಲುಗಳಿವೆ, ಕೆಳಗೆ ಫೋನು ಸಲೀಸಾಗಿ ಹಿಡಿಸುತ್ತದೆ. “ತಟ್ಟ್ಯಾಗಿನ ಅಡಿಕಿ ನೋಡ್ತಾರ ಹೊರತು ತಟ್ಟಿ ಕೆಳಗ ಯಾರ ನೋಡ್ತಾರ?” ಎಂದಳು.

ಆದಿತ್ಯವಾರ ಹುಡುಗ ವೀರೇಶ, ಅವನ ಅಪ್ಪ, ಅವ್ವ ಬಂದರು. ಅವನದು ಮುಂಡರಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ನಾನು ಮಿರ್ಚಿ ಭಜಿ ಕೊಟ್ಟು, ಕಾಲಿಗೆ ಬಿದ್ದು, ಅಡುಗೆಮನೆಗೆ ಬಂದು ಬಲಗಡೆಯ ಕಾಳನ್ನು ಕಿವಿಗಿಟ್ಟುಕೊಂಡೆ. ಎಡಗಡೆಯದು ಆಗಲೇ ಅಜ್ಜಿಯ ಕಿವಿಯಲ್ಲಿತ್ತು. ಹೊರಗೆ ಮಳೆಯ ಮಾತು, ಗೊಬ್ಬರದ ಮಾತು. ಅಜ್ಜಿ ಮಿರ್ಚಿಗಳನ್ನು ಹಿಟ್ಟಿಗೆ ಅದ್ದುತ್ತಲೇ ಕೇಳುತ್ತಿದ್ದಳು. ಅಷ್ಟರಲ್ಲಿ ಕಿವಿಯೊಳಗೆ ಬಂಡೆ ಸೀಳಿದಂಥ ಸದ್ದಾಯಿತು.

ಹುಡುಗನ ಅಪ್ಪ ಅಡಿಕೆ ಕತ್ತರಿಸತೊಡಗಿದ್ದರು. ಎಲೆ-ಅಡಿಕೆಯ ತಟ್ಟೆ ಎಂದರೆ ಅಡಕತ್ತರಿಯೂ ಇರುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅಜ್ಜಿ ಹಿಟ್ಟಿನ ಕೈಯಿಂದಲೇ ಕಿವಿ ಮುಚ್ಚಿಕೊಂಡಳು. ಕಾಳಿಗೆ ಕಡಲೆಹಿಟ್ಟು ಮೆತ್ತಿತು, ಎಣ್ಣೆಗೆ ಬಿಡುವುದೊಂದೇ ಬಾಕಿ. ನಗು ತಡೆಯಲು ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಆಮೇಲೆ ತಟ್ಟೆ ಜರುಗಿದ ಸದ್ದು. ಮತ್ತೇನೋ ಮೃದುವಾಗಿ ಸವರಿದಂತಾಯಿತು. ಅದರ ನಂತರ ಮಾತು ಎಷ್ಟು ಸ್ಪಷ್ಟವಾಗಿ ಬಂತೆಂದರೆ, ಆಡಿದವರು ಪಕ್ಕದಲ್ಲೇ ಕುಳಿತಂತಿತ್ತು. ದುಬಾರಿ ಸಾಮಾನು ಎಂದರೆ ಇದು ಎಂದು ಹೆಮ್ಮೆಪಟ್ಟೆ.

“ಅಪ್ಪಾ, ಇನ್ನೊಂದ ಮಿರ್ಚಿ ಕೇಳಿದ್ರ ತಪ್ಪ ಆಗ್ತೈತೇನು?” ವೀರೇಶ ಪಿಸುಗುಟ್ಟುತ್ತಿದ್ದ.

“ಬಾಯಿ ಮುಚ್ಕೊಂಡ ಕುಂಡ್ರಲೇ. ಮನಿಗಿ ಹೋಗಿ ತಿನ್ನೀಯಂತ.”

“ಮನ್ಯಾಗ ಇಂಥವು ಎಲ್ಲಿ ಆಗ್ತಾವ?”

ಅಜ್ಜಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಎತ್ತರದ್ದಲ್ಲ, ಬಣ್ಣದ್ದಲ್ಲ, ಪರದೆಯ ಆಚೆಯ ಮಾತು ಒಂದು ಮಿರ್ಚಿಯದು. ಎದೆಯ ಮೇಲಿನ ಭಾರ ಹೂವಿನಂತೆ ಹಗುರಾಯಿತು. ಬಿಸಿ ಭಜಿ ತುಂಬಿಕೊಂಡು ಹೋಗಿ, ಯಾರನ್ನೂ ಕೇಳದೆ ನೇರವಾಗಿ ಅವನ ತಟ್ಟೆಗೆ ಬಡಿಸಿದೆ. ಅಡಿಕೆ ತಟ್ಟೆ ಅವನ ಅಪ್ಪನ ಕಡೆಗೆ ಸರಿದಿತ್ತು. ಅದಿದ್ದ ಜಾಗದಲ್ಲಿ ಒಂದು ಕರವಸ್ತ್ರ ಬಿದ್ದಿತ್ತು, ಫೋನು ಮಾತ್ರ ಕಾಣಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ.

ಆಮೇಲೆ ಹುಡುಗ-ಹುಡುಗಿ ಮಾತಾಡಲೆಂದು ನಮ್ಮನ್ನು ಮಾಳಿಗೆಗೆ ಕಳಿಸಿದರು. ಅವನು ಏನೂ ಅರಿಯದವನ ಹಾಗೆ, “ಕಿವ್ಯಾಗ ಅದೇನ್ರಿ ಬಿಳೇದು?” ಎಂದ. ತೆಗೆಯುವುದನ್ನೇ ಮರೆತಿದ್ದೆ. ಬೇರೆ ದಾರಿಯಿಲ್ಲದೆ ಎಲ್ಲ ಹೇಳಿದೆ. ಅವನು ಎದ್ದು ಹೋಗುತ್ತಾನೆಂದೇ ತಿಳಿದಿದ್ದೆ.

“ಇನ್ನೊಂದ ಯಾರ ಕಡೆ ಐತಿ?”

“ನಮ್ಮ ಅಜ್ಜಿ ಕಡೆ.”

ಅವನು ಮಾಳಿಗೆಯ ಕಟ್ಟೆ ಹಿಡಿದುಕೊಂಡು ನಕ್ಕ. “ಆತು, ಒಂದರಾಗ ಪಾಳೆ ಹಚ್ಚೂನು” ಎಂದು ಕೈ ಚಾಚಿದ. ಕೆಳಗೆ ಹಿರಿಯರು ನಮ್ಮ ಲಗ್ನವನ್ನು ಯಾವ ತಿಂಗಳಲ್ಲಿಡಬೇಕೆಂದು ಜಗ್ಗಾಡುತ್ತಿದ್ದುದನ್ನು ಒಂದೇ ಕಾಳಿನಲ್ಲಿ ಸರದಿಯ ಮೇಲೆ ಕೇಳಿದೆವು. ಇಳಿದು ಬಂದು ಅವ್ವನಿಗೆ ಹೂಂ ಎಂದೆ. ಆ ಲಗ್ನಪತ್ರಿಕೆಯನ್ನೂ ನಾನೇ ಅಂದಗೊಳಿಸಿದೆ.

ಡಬ್ಬಿ ಕೈಯಲ್ಲಿ ಹಿಡಿದು ಇದನ್ನೆಲ್ಲ ನೆನೆಯುತ್ತಿರುವಾಗಲೇ ಗಂಡ ಅಂಗಡಿಯಿಂದ ಊಟಕ್ಕೆ ಬಂದ. ಬೆಟಗೇರಿಯಲ್ಲಿ ನನ್ನ ತಂಗಿಯನ್ನು ನೋಡಲು ಬರುವವರಿದ್ದಾರೆ, ಇವನ್ನು ಅವಳಿಗೆ ಕಳಿಸುತ್ತೇನೆ, ನಿನ್ನ ಮಿರ್ಚಿಯ ಗುಟ್ಟು ಕದ್ದ ಹಾಗೆ ಅವಳೂ ಕದಿಯಲಿ ಎಂದೆ.

ಅವನು ಕೈ ತೊಳೆಯುತ್ತ, “ಹಂಗಾರ ಆಕಿಗೆ ಒಂದ ಮಾತ ಹೇಳು. ಫೋನು ಪೂರಾ ತಟ್ಟಿ ಕೆಳಗ ಹೋಗಬಾರದು. ತುಸು ಹೊರಗ ಕಾಣಬೇಕು” ಎಂದ.

“ಯಾಕ?”

“ನಮ್ಮಪ್ಪ ತಟ್ಟಿ ಜಗ್ಗಿದಾಗ ನನಗ ಕಂಡ್ತು, ಒಳಗ ನೀ ಕೇಳಾಕತ್ತೀಯಂತ ತಿಳೀತು. ನನ್ನ ಕಡೆ ಎಳಕೊಂಡು ಮ್ಯಾಲೆ ಕರ್ಚೀಫ್ ಮುಚ್ಚಿದ್ನಿ. ಅಪ್ಪನ್ನ ಕೇಳಿದ್ರ ಮಿರ್ಚಿ ಬರೂದಿಲ್ಲಂತ ಗೊತ್ತಿತ್ತು. ಅದಕ್ಕ ನಿನ್ನ ಕೇಳಿದ್ನಿ.”

ಇಷ್ಟು ವರ್ಷ ಅವನ ಮಾತು ಕದ್ದು ಕೇಳಿದವಳು ನಾನು ಎಂದು ಬೀಗುತ್ತಿದ್ದೆ. ನನ್ನ ಜಾಣತನವೆಲ್ಲ ಒಂದು ಕರವಸ್ತ್ರದಲ್ಲಿ ಮುಚ್ಚಿಹೋಗಿತ್ತು. ಆದರೂ ಬೇಸರವಾಗಲಿಲ್ಲ, ಹದಿನೆಂಟರ ಹುಡುಗಿಯ ಹಾಗೆ ಕೆನ್ನೆ ಬಿಸಿಯಾಯಿತು. ಪರದೆಯ ಆಚೆಯಿಂದ ಅವನು ಮೊದಲು ಮಾತಾಡಿದ್ದು ನನ್ನ ಜೊತೆಗೇ.

ತಂಗಿಗೆ ಹೊಸವನ್ನು ಕೊಡಿಸಿದರಾಯಿತೆಂದು ಡಬ್ಬಿಯನ್ನು ಖಾನೆಗೇ ಮರಳಿಸಿ, ಮಿರ್ಚಿಗೆಂದು ಒಲೆಯ ಮೇಲೆ ಎಣ್ಣೆ ಇಟ್ಟೆ.