ಸದ್ದಿಲ್ಲದೆ ಚಾಲೂ ಆಗುವ ಕಾರು

ನೇತ್ರಾವತಿ ಕೊಪ್ಪಳದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಹೆಂಗಸರಿಗೆ ಕಾರು ಕಲಿಸುತ್ತಿದ್ದಾಳೆ. ಅವಳಿಗೆ ಗಾಡಿ ಕಲಿಸಿದ್ದು ಅಪ್ಪ ಗಿಡ್ಡಪ್ಪ, ತಳಕಲ್ಲಿನಲ್ಲಿ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಗಿರಾಕಿಗಳ ಸ್ವಂತ ಕಾರಿನಲ್ಲಿ ಕಲಿಸಲು ಅವಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸ್ಕೂಲಿನ ಕಾರಿನಲ್ಲಾದರೆ ಅವಳ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಹಾಲೇಶನ ವಿಷಯದಲ್ಲಿ ಮಾತ್ರ ಒಪ್ಪಿಕೊಂಡಳು, ಸ್ಕೂಲಿನ ಮಾಲೀಕರು ಅಷ್ಟು ಬೇಡಿಕೊಂಡಿದ್ದರು, ಕೈ ಮುಗಿಯುವುದೊಂದು ಬಾಕಿ ಇತ್ತು.

ಹಾಲೇಶನದು ಬೀಜ, ಗೊಬ್ಬರದ ಅಂಗಡಿ. ಹೊಸದಾಗಿ ಹೈಬ್ರಿಡ್ ಕಾರು ತಂದಿದ್ದ. ಕಲಿಯಬೇಕಾದವಳು ಅವನ ಹೆಂಡತಿ ಪಂಪಾವತಿ, ನಲವತ್ತು ದಾಟಿದ, ಮೆಲ್ಲಗೆ ಮಾತಾಡುವ ಹೆಂಗಸು. ಆದರೆ ಹಾಲೇಶ ದಿನಾಲೂ ಹಿಂದಿನ ಸೀಟಿನಲ್ಲಿ ಬಂದು ಕೂಡುತ್ತಿದ್ದ. ಬಾಯಿ ತುಂಬ ಗುಟ್ಕಾ. ಕಿಟಕಿ ಇಳಿಸಿದರೆ ಕಾರಿಗೆ ಕಲೆಯಾಗುತ್ತದೆಂದು ಒಂದು ನೀರಿನ ಬಾಟಲಿಯಲ್ಲಿ ಉಗುಳುತ್ತಿದ್ದ. ಅರ್ಧ ತುಂಬಿದ ಆ ಕೆಂಪು ಬಾಟಲಿಯನ್ನು ಮುಚ್ಚಳ ಹಾಕದೆ ಗೇರಿನ ಪಕ್ಕದ ಗೂಡಿನಲ್ಲಿ ಇಡುತ್ತಿದ್ದ, ನೇತ್ರಾವತಿಯ ಮೊಣಕೈಗೆ ತಾಗುವ ಹಾಗೆ. ಅವಳು ಕಲಿಸಿದ ಹದಿನೈದು ದಿನವೂ ಬಾಗಿಲಿಗೆ ಅಂಟಿಕೊಂಡೇ ಕೂತಿದ್ದಳು.

ಮೊದಲ ದಿನ ಪಂಪಾವತಿ ಬ್ರೇಕ್ ತುಳಿದು ಗುಂಡಿ ಒತ್ತಿದಳು. ಎದುರಿಗೆ 'ರೆಡಿ' ಎಂದು ಹಸಿರು ಅಕ್ಷರ ಬಂತು. ಸದ್ದಿಲ್ಲ.

"ಚಾಲೂ ಆಗಿಲ್ಲ. ಇನ್ನೊಮ್ಮಿ ಒತ್ತು," ಎಂದ ಹಾಲೇಶ.

ಒತ್ತಿದಳು. ಕಾರು ಪೂರ್ತಿ ಆರಿತು.

"ಆಗಿತ್ರಿ ಸಾವ್ಕಾರ್ರ," ಎಂದಳು ನೇತ್ರಾವತಿ. "ಇದು ಮೊದ್ಲು ಬ್ಯಾಟರಿ ಮ್ಯಾಲೆ ನಡಿತೈತಿ. ಎಂಜಿನ್ ತನಗ ಬೇಕಾದಾಗ ತಾನಾ ಬರ್ತೈತಿ. ರೆಡಿ ಅಂತ ಕಂಡ್ರ ಮುಗೀತು."

"ಇಪ್ಪತ್ತು ವರ್ಷ ಗಾಡಿ ಹೊಡ್ದೀನವಾ ನಾ. ಸಪ್ಪಳಿಲ್ದ ಎಂಥಾ ಚಾಲೂ?"

ಪಂಪಾವತಿ ಮತ್ತೆ ಒತ್ತಿದಳು. ಮುಂಜಾನೆಯ ಥಂಡಿ, ತಣ್ಣಗಾಗಿದ್ದ ಎಂಜಿನ್ ಬಿಸಿಯಾಗಲೆಂದು ಸ್ವಲ್ಪ ಹೊತ್ತಿಗೆ ತಾನೇ ಗುರ್ ಎಂದಿತು. ಅವಳು ಬೆಚ್ಚಿ ಕೈ ತೆಗೆದಳು.

"ಈಗೇನು ಒತ್ತಿದಿ, ತಲಿ ಐತಿಲ್ಲೋ ನಿನಗ?" ಎಂದ ಗಂಡ.

ಮುಂದೆಯೂ ಹಾಗೇ ನಡೆಯಿತು. ಮಧ್ಯಾಹ್ನ ಎಂಜಿನ್ ಸುಮ್ಮನಿದ್ದರೆ ಬೈಗಳು, ಎಸಿ ಹಾಕಿ ನಿಂತಾಗ ಬ್ಯಾಟರಿ ಇಳಿದು ಎಂಜಿನ್ ಬಂದರೂ ಬೈಗಳು. ಪಂಪಾವತಿ ಮಾತ್ರ ಕಾರಿನೊಳಗಿನ ಪುಸ್ತಕ ಪೂರ್ತಿ ಓದಿಕೊಂಡಿದ್ದಳು. ಏರು ಬಂದ ಕೂಡಲೆ "ಈಗ ಎಂಜಿನ್ ಬರ್ತೈತಿ ನೋಡು ನೇತ್ರಾ" ಎಂದು ಪಿಸುಗುಡುತ್ತಿದ್ದಳು, ಬರುತ್ತಿತ್ತು. ಹಿಂದಿನಿಂದ ಬಾಟಲಿಗೆ ಕೈ ಬರುತ್ತಿತ್ತು. ನೇತ್ರಾವತಿ ಮನೆಗೆ ಹೋದಮೇಲೆ ಊಟದ ಮುಂದೆ ಕೂತರೂ ಆ ವಾಸನೆ ಮೂಗು ಬಿಡುತ್ತಿರಲಿಲ್ಲ.

ಹದಿನೈದನೆಯ ದಿನ ಕುಷ್ಟಗಿಗೆ ಹೋದರು. ಪಂಪಾವತಿಯೇ ಓಡಿಸಿದಳು, ಛಲೋ ಓಡಿಸಿದಳು. ಸರ್ಕಲ್ಲಿನ ಹತ್ತಿರ ಹಾಲೇಶ ಇಳಿದ. "ಬಂದ್ ಮಾಡ್ಕೊಂಡು ಕುಂದುರ್ರಿ. ಎಸಿ ಹಚ್ಚಿ ಎಣ್ಣಿ ಸುಡಬ್ಯಾಡ್ರಿ," ಎಂದು ದಾಳಿಂಬೆ ವ್ಯಾಪಾರಿಯೊಬ್ಬನನ್ನು ಕಾಣಲು ಹೋದ. ಕಾರಿನ ಕೀ ಅವನ ಜೇಬಿನಲ್ಲೇ ಹೋಯಿತು.

ಇಬ್ಬರೂ ಬಾಗಿಲು ತೆಗೆದುಕೊಂಡು ಬಿಸಿಲಿನಲ್ಲಿ ಕೂತರು. ಅಷ್ಟರಲ್ಲಿ ಹಿಂದೊಂದು ಲಾರಿ ಬಂದು ದಾರಿ ಬಿಡಿರೆಂದು ಹಾರನ್ ಹೊಡೆಯತೊಡಗಿತು. ಪಂಪಾವತಿ ಗುಂಡಿ ಒತ್ತಿದಳು. ಕೀ ಹತ್ತಿರವಿಲ್ಲ ಎಂದು ಎದುರಿಗೆ ಅಕ್ಷರ ಬಂತು, ಕೀ ಒಳಗಿಲ್ಲದೆ ಆ ಕಾರು ಚಾಲೂ ಆಗುವುದಿಲ್ಲ. ನೇತ್ರಾವತಿ ಹಾಲೇಶನಿಗೆ ನಾಲ್ಕು ಸಲ ಫೋನ್ ಮಾಡಿದಳು.

ಅವನು ಬರುವ ಹೊತ್ತಿಗೆ ಜನ ಕೂಡಿದ್ದರು. ಬಂದವನೇ ಹೆಂಡತಿಯ ತೋಳು ಹಿಡಿದು ಇಳಿಸಿದ. "ಎಮ್ಮಿ ಕಾಯಾಕೂ ಬರೂದಿಲ್ಲ ಇಕಿಗೆ, ಕಾರ್ ಕಲೀತಾಳಂತ," ಎಂದು ಜನರ ಕಡೆ ನೋಡಿ ನಕ್ಕ. ಕೆಲವರು ನಕ್ಕರು ಕೂಡ. ಅವನ ಹಲ್ಲಿನ ಸಂದಿಯ ಕೆಂಪು ನೋಡಿ ನೇತ್ರಾವತಿ ಮುಖ ತಿರುಗಿಸಿದಳು. ಅವಳೂ ಇಳಿದು ನಿಂತಳು.

ಹಾಲೇಶ ಕೂತು ಬ್ರೇಕ್ ತುಳಿಯದೆ ಗುಂಡಿ ಒತ್ತಿದ. ಬರೀ ದೀಪ ಹತ್ತಿದವು.

"ಬ್ರೇಕ್ ತುಳಿದು ಒತ್ರಿ," ಎಂದಳು ಪಂಪಾವತಿ.

ತುಳಿದು ಒತ್ತಿದ. ರೆಡಿ ಎಂದು ಬಂತು. ಸದ್ದಿಲ್ಲ.

"ಚಾಲೂ ಆಗೇತ್ರಿ. ಹಗೂರಕ ಬಿಡ್ರಿ."

"ನನಗ ಹೇಳಾಕ ಬರ್ತಿಯಾ? ಎಲ್ಲೈತಿ ಸಪ್ಪಳ?" ಎನ್ನುತ್ತ ಗೇರ್ ಹಾಕಿ, ಆಕ್ಸಲರೇಟರ್ ಪೂರ್ತಿ ತುಳಿದ.

ಕಾರು ಮುಂದಕ್ಕೆ ಹಾರಿ, ಮೆಹರುನಬಿ ಎಂಬ ಮುದುಕಿಯ ಪೇರಲಹಣ್ಣಿನ ತಳ್ಳುಗಾಡಿಗೆ ಗುದ್ದಿ ನಿಂತಿತು. ಹಣ್ಣು ರಸ್ತೆಗೆ ಉರುಳಿದವು. ಮುದುಕಿ ಪಕ್ಕದ ಅಂಗಡಿಯಲ್ಲಿ ನೀರು ಕುಡಿಯುತ್ತಿದ್ದಳು, ಅದಕ್ಕೇ ಉಳಿದಳು. ಬಾಟಲಿ ಮಗುಚಿ ಹಾಲೇಶನ ಬಿಳಿ ಪ್ಯಾಂಟಿನ ಮೇಲೆಲ್ಲ ಹರಿದಿತ್ತು. ಅವನು ಇಳಿದ ಕೂಡಲೆ ನೇತ್ರಾವತಿಯ ಕಡೆ ಬೆರಳು ಮಾಡಿದ.

"ಈಕಿ ತಪ್ಪು ಕಲಿಸ್ಯಾಳ. ಈಕಿನ್ನ ಹಿಡೀರಿ."

"ಗಾಡ್ಯಾಗ ಕುಂತಾವ್ರು ನೀವ್ರಿ," ಎಂದಳು ಪಂಪಾವತಿ. ಅವಳ ದನಿ ಎಲ್ಲರಿಗೂ ಕೇಳುವಷ್ಟಿತ್ತು.

ನೇತ್ರಾವತಿ ಮೆಹರುನಬಿಯ ಜೊತೆ ಠಾಣೆಗೆ ಹೋಗಿ, ಕಂಡದ್ದನ್ನು ಬರೆದುಕೊಟ್ಟು, ಬಸ್ಸು ಹಿಡಿದು ಕೊಪ್ಪಳಕ್ಕೆ ಬಂದಳು. ಮಾಲೀಕರು ಫೋನಿನಲ್ಲಿ, "ಒಂದು ಮಾತು ತಪ್ಪಾತು ಅನ್ನವಾ, ದೊಡ್ಡ ಮನುಷ್ಯಾ ಅದಾನ," ಎಂದರು. "ಅನ್ನೂದಿಲ್ರಿ," ಎಂದು ಫೋನ್ ಇಟ್ಟಳು. ಕೆಲಸ ಹೋಗಲಿಲ್ಲ, ಅವಳಷ್ಟು ಚೆನ್ನಾಗಿ ಕಲಿಸುವವರು ಅವರಲ್ಲಿ ಬೇರೆ ಇರಲಿಲ್ಲ. ಹಾಲೇಶ ಮೆಹರುನಬಿಗೆ ಹೊಸ ತಳ್ಳುಗಾಡಿ ಮಾಡಿಸಿಕೊಡಲೇಬೇಕಾಯಿತು.

ತಿಂಗಳಾದ ಮೇಲೆ ಪಂಪಾವತಿ ಆಟೋದಲ್ಲಿ ಒಬ್ಬಳೇ ಸ್ಕೂಲಿಗೆ ಬಂದು ಹಳೆಯ ಕ್ಲಚ್ ಗಾಡಿಯಲ್ಲಿ ಕಲಿತಳು, ಲೈಸೆನ್ಸ್ ತೆಗೆದುಕೊಂಡಳು. ನೇತ್ರಾವತಿಗೆ ಅದರಿಂದ ಸಂತೋಷವಾಯಿತು. ಆದರೆ ಆ ಹದಿನೈದು ದಿನ ನೆನಪಾದಾಗ ಅವಳಿಗೆ ಹಾಲೇಶನಿಗಿಂತ ತನ್ನ ಮೇಲೆಯೇ ಹೇಸಿಗೆ ಹೆಚ್ಚು. "ಅಂವ ಬೈಯೂದು ಕೇಳ್ಕೋಂತ ನಾ ಸುಮ್ನ ಕುಂತಿದ್ನೆಲ್ಲ," ಎನ್ನುತ್ತಾಳೆ. "ಮೊದಲ್ನೇ ದಿನಾನ ಇಳದು ಬರಬೇಕಾಗಿತ್ತು."