ಬೆಲ್ಟ್ ಕಟ್ಟಲು ಜಾಗವಿಲ್ಲದ ಗೋಡೆ

ಆ ಮೆಸೇಜು ಹಾಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಬಹಳ ಜನರನ್ನು ಬೈಯುವವಳಿದ್ದೇನೆ.

ಚಿಕ್ಕಬಳ್ಳಾಪುರದ ಹೊರಗೆ, ನಂದಿಗೆ ಹೋಗುವ ದಿಕ್ಕಿನಲ್ಲಿ ಎದ್ದ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಲ್ಲಿ ನಮ್ಮ ಮನೆ. ನಾನು ಶಿಡ್ಲಘಟ್ಟದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಯಜಮಾನರು ಬ್ಯಾಂಕಿನಲ್ಲಿದ್ದಾರೆ. ನಮ್ಮಪ್ಪ ಗಾರೆ ಕೆಲಸದವರು. ಊರೂರಿನ ಕಟ್ಟಡಗಳಿಗೆ ಬೊಂಬಿನಲ್ಲಿ ಕಟ್ಟುವ ಸಾರುವೆಯ ಮೇಲೆ ನಿಂತೇ ಅವರ ಆಯಸ್ಸು ಕಳೆಯಿತು. ನಮ್ಮ ಕೇರಿಯಿಂದ ಲಿಫ್ಟ್ ಇರುವ ಮನೆಗೆ ಹೋದವಳು ನಾನೇ ಮೊದಲು. ಮನೆ ಹೊಕ್ಕ ದಿನ ಹಾಲಿನಲ್ಲಿ ಬುದ್ಧವಂದನೆ ಇಟ್ಟುಕೊಂಡಿದ್ದೆವು. ನಮ್ಮಮ್ಮ ಗೋಡೆಗಳನ್ನೆಲ್ಲ ಅಂಗೈಯಲ್ಲಿ ತಟ್ಟಿ ನೋಡುತ್ತಾ ಓಡಾಡಿದ್ದಳು.

ನಾವು ಆ ಮನೆ ಕೊಂಡಿದ್ದು ಅದರ ಹಸಿರಿಗೆ ಮರುಳಾಗಿ. ಪ್ರತಿ ಮಹಡಿಯ ಹೊರಮೈಗೂ ಉದ್ದುದ್ದನೆಯ ಗಿಡದ ತೊಟ್ಟಿಗಳು. ಅವು ಬಿಸಿಲನ್ನು ತಡೆಯುತ್ತವೆ, ಒಳಗೆ ತಂಪಿರುತ್ತದೆ, ಫ್ಯಾನು ಹಾಕುವುದು ಕಡಿಮೆಯಾಗುತ್ತದೆ. ಸ್ನಾನದ ನೀರನ್ನು ಶುದ್ಧ ಮಾಡಿ ಆ ಗಿಡಗಳಿಗೇ ಬಿಡುತ್ತಾರೆ. ಮಳೆನೀರು ಒಂದು ಹನಿಯೂ ಹೊರಗೆ ಹೋಗುವುದಿಲ್ಲ. ಇದೆಲ್ಲ ಸುಳ್ಳಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಶಾಲೆಯಿಂದ ಬಂದು ಬಾಗಿಲು ತೆಗೆದರೆ ನಿಜಕ್ಕೂ ಜೀವಕ್ಕೆ ಹಾಯೆನಿಸುತ್ತಿತ್ತು. ಎಂಟನೇ ಕ್ಲಾಸಿನ ಮಕ್ಕಳಿಗೆ ಪರಿಸರದ ಪಾಠ ಮಾಡುವಾಗ ನಮ್ಮ ಮನೆಯನ್ನೇ ಉದಾಹರಣೆ ಕೊಡುತ್ತಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಅಡುಗೆಮನೆಯ ಹೊರಗಿನ ತೊಟ್ಟಿಯ ಗಿಡಗಳು ಒಣಗಿದವು. ಬಾಲ್ಕನಿಯಿಂದ ಅದು ಕೈಗೆ ಸಿಗುವುದಿಲ್ಲ. ಫೋಟೋ ತೆಗೆದು ಅಸೋಸಿಯೇಷನ್ನಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ‘ನಾಲ್ಕನೇ ಮಹಡಿಯ ಗಿಡಗಳನ್ನು ಯಾರೂ ನೋಡುತ್ತಿಲ್ಲ. ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟುವುದು ಯಾಕೆ?’ ಎಂದು ಬರೆದೆ. ನಾಲ್ಕಾರು ಜನ ಹೆಬ್ಬೆಟ್ಟೆತ್ತಿದ ಚಿತ್ರ ಹಾಕಿದರು. ನನಗೆ ಸಮಾಧಾನವಾಯಿತು.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದೆ. ಕಿಟಕಿಯ ಗಾಜಿನಾಚೆ ಮನುಷ್ಯನ ಎರಡು ಕಾಲು ಕಂಡವು. ಬರಿಗಾಲು. ತೊಟ್ಟಿಯ ಅಂಚಿನ ಮೇಲೆ, ಮೂರು ಬೆರಳಗಲದ ಸಿಮೆಂಟಿನ ಮೇಲೆ ನಿಂತಿದ್ದವು, ಹಿಮ್ಮಡಿ ಹೊರಗೆ ಚಾಚಿಕೊಂಡಿತ್ತು. ಒಂದು ಕೈ ಮೇಲಿನ ನೀರಿನ ಪೈಪನ್ನು ಹಿಡಿದಿತ್ತು. ಇನ್ನೊಂದು ಕೈ ಗಿಡಕ್ಕೆ ಹನಿಹನಿ ನೀರು ಬಿಡುವ ಡ್ರಿಪ್ಪಿನ ಸಣ್ಣ ತೂತುಗಳನ್ನು ತಂತಿಯಿಂದ ಚುಚ್ಚಿ ಬಿಡಿಸುತ್ತಿತ್ತು. ಕೂಗಿದರೆ ಬೆಚ್ಚಿಬಿದ್ದಾನು ಎಂದು ಬಾಯಿ ಮುಚ್ಚಿಕೊಂಡೆ. ಒಲೆ ಆರಿಸಿ, ಬಾಲ್ಕನಿಗೆ ಹೋಗಿ, ಅವನು ಒಂದೊಂದೇ ಹೆಜ್ಜೆ ಸರಿಯುತ್ತಾ ನನ್ನ ಕಡೆಗೆ ಬರುವ ತನಕ ಕಾದೆ. ಕಂಬಿಯ ಹತ್ತಿರ ಬಂದದ್ದೇ ಅವನ ಮಣಿಕಟ್ಟು ಹಿಡಿದುಕೊಂಡೆ. ಪಕ್ಕದ ಮನೆಯ ಬಾಲ್ಕನಿಯಿಂದ ಇಳಿದು ಬಂದಿದ್ದನಂತೆ.

ನಮ್ಮ ಅಪಾರ್ಟ್‌ಮೆಂಟಿನ ತೋಟದ ಕೆಲಸದವನು. ಚಿಂತಾಮಣಿ ತಾಲೂಕಿನ ಕೆಂಚಾರ್ಲಹಳ್ಳಿಯ ಕಡೆಯವನು, ನಲವತ್ತರ ಆಸುಪಾಸು. ದಿನಾ ಕೆಳಗೆ ಹುಲ್ಲು ಕತ್ತರಿಸುವಾಗ ನೋಡಿದ್ದೆ, ಮಾತಾಡಿಸಿರಲಿಲ್ಲ.

“ಏಂ ಕಾದಮ್ಮಾ, ಏನೂ ಆಗಲ್ಲ, ಅಭ್ಯಾಸ ಆಗೋಗೈತೆ. ಕೈ ಬಿಡಿ” ಎಂದ.

“ನಿಮಗೆ ಬೆಲ್ಟ್ ಕೊಟ್ಟಿಲ್ವಾ?”

“ಕೊಟ್ಟವ್ರೆ. ಕೆಳಗೆ ರೂಮಲ್ಲಿ ಐತೆ.”

“ಮತ್ತೆ ಹಾಕ್ಕೊಳೋದಕ್ಕೇನು ಕಷ್ಟ?”

“ಹಾಕ್ಕೊಂಡು ಎಲ್ಲಿಗಮ್ಮ ಕಟ್ಟಲಿ? ನೀವೇ ನೋಡಿ, ಕಟ್ಟಕ್ಕೆ ಜಾಗ ಎಲ್ಲೈತೆ?”

ಕಂಬಿಯಿಂದ ಬಗ್ಗಿ ನೋಡಿದೆ. ಆ ತುದಿಯಿಂದ ಈ ತುದಿಯವರೆಗೆ ನುಣ್ಣನೆಯ ಗೋಡೆ. ಒಂದು ಕೊಂಡಿಯಿಲ್ಲ, ಒಂದು ಸರಳಿಲ್ಲ.

“ಯಾರು ಕಳಿಸಿದ್ದು ನಿಮ್ಮನ್ನ?”

“ಸೂಪರ್‌ವೈಜರ್ರು. ನಾಕನೇ ಫ್ಲೋರ್ ಮೇಡಂ ಕಂಪ್ಲೇಂಟ್ ಹಾಕವ್ರೆ, ಇವತ್ತೇ ಆಗ್ಬೇಕು ಅಂದ್ರು.”

ಆ ಮೇಡಂ ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ನಮ್ಮ ಹಿಂದೆ ಮೂರನೇ ಬ್ಲಾಕು ಇನ್ನೂ ಕಟ್ಟುತ್ತಿದ್ದರು. ಬಿಲ್ಡರಿನ ಎಂಜಿನಿಯರ್ ಅಲ್ಲೇ ಒಂದು ತಗಡಿನ ಆಫೀಸಿನಲ್ಲಿ ಕೂರುತ್ತಿದ್ದ. ಸೋಮವಾರ ಸಂಜೆ ಬಸ್ಸಿಳಿದವಳು ನೇರ ಅವನ ಹತ್ತಿರ ಹೋದೆ. ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಕೇಳಿದ್ದಕ್ಕೆ ಕಂಪ್ಯೂಟರಿನಲ್ಲಿ ಹಳೆಯ ನಕ್ಷೆ ತೆಗೆದು ತೋರಿಸಿದ. ಅದರಲ್ಲಿ ತೊಟ್ಟಿಗಳಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಕಬ್ಬಿಣದ ಜಾಲರಿಯ ದಾರಿ ಇತ್ತು. ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿಯೂ ಇತ್ತು.

“ಇದೆಲ್ಲಿ ಹೋಯ್ತು?”

“ತೆಗೆದ್ವಿ ಮೇಡಂ. ಎಲಿವೇಶನ್, ಅಂದ್ರೆ ಹೊರಗಿನ ನೋಟ, ಚೆನ್ನಾಗಿ ಕಾಣ್ತಿರ್ಲಿಲ್ಲ. ಗಿಡ ಗೋಡೆಯಿಂದ್ಲೇ ಹುಟ್ಟಿದ ಹಾಗೆ ಕಾಣ್ಬೇಕು ಅಂದ್ರು.”

“ನೀರು ಹಾಕೋರು ಹೇಗೆ ಹೋಗ್ತಾರೆ ಅಂತ ಯಾರೂ ಕೇಳ್ಲಿಲ್ವಾ?”

“ಡ್ರಿಪ್ ಇದೆಯಲ್ಲ ಮೇಡಂ, ತಾನೇ ಬಿಡುತ್ತೆ.”

“ಡ್ರಿಪ್ ಕಟ್ಟಿಕೊಂಡ್ರೆ?”

ಅವನು ಕಂಪ್ಯೂಟರಿನಲ್ಲಿ ನಕ್ಷೆ ಮುಚ್ಚಿದ. “ಅದು ಮೇಂಟೆನೆನ್ಸಿಗೆ ಬರುತ್ತೆ ಮೇಡಂ. ನಮಗೆ ಬರಲ್ಲ.”

ಹೊರಗೆ ಬಂದಾಗ ಮೂರನೇ ಬ್ಲಾಕಿನ ಕೆಲಸದವರು ಇಳಿಯುತ್ತಿದ್ದರು. ಎಲ್ಲರ ತಲೆಯ ಮೇಲೂ ಹಳದಿ ಹೆಲ್ಮೆಟ್ಟು. ಮಹಡಿ ಮಹಡಿಗೂ ಹಸಿರು ಬಲೆ. ಗೇಟಿನಲ್ಲಿ ಕನ್ನಡ, ತೆಲುಗು, ಹಿಂದಿಯಲ್ಲಿ ಸುರಕ್ಷತೆಯ ಬೋರ್ಡು. ಕಟ್ಟುವವರೆಗೆ ಕಾನೂನು ಕಾಯುತ್ತದೆ. ಬಲೆ ಬಿಚ್ಚಿ, ಬಣ್ಣ ಬಳಿದು, ನಮ್ಮಂಥವರ ಕೈಗೆ ಕೀಲಿ ಕೊಟ್ಟ ಮೇಲೆ ಅದೇ ಗೋಡೆಯನ್ನು ಹತ್ತುವವನನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ. ಅದು ತಿಳಿದ ಸಂಜೆಯಿಂದ ನನಗೆ ಹಿಡಿದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಆ ವಾರ ಅಸೋಸಿಯೇಷನ್ ಮೀಟಿಂಗಿನಲ್ಲಿ ವಿಷಯ ಎತ್ತಿದೆ. ನಮ್ಮ ಅಧ್ಯಕ್ಷರು ನಿವೃತ್ತ ಅಧಿಕಾರಿ, ಮುದ್ದೇನಹಳ್ಳಿಯ ಕಡೆ ಜಮೀನಿರುವ ಮನೆತನದವರು. ಒಳ್ಳೆಯ ಮಾತಿನವರು.

“ನೀವು ಹೇಳೋದು ಸರಿ ಮೇಡಂ. ಆದ್ರೆ ಆ ಜನಕ್ಕೆ ಅಭ್ಯಾಸ ಇರುತ್ತೆ. ತೆಂಗಿನಮರ ಹತ್ತೋರು ಅವರೆಲ್ಲ. ನಮಗೆ ನಿಮಗೆ ಕಂಡ ಹಾಗೆ ಅವರಿಗೆ ಕಾಣಲ್ಲ.”

“ಆ ಜನ ಅಂದ್ರೆ ಯಾರು ಸರ್? ನಮ್ಮಪ್ಪನೂ ಅವರೇ. ಸಾರುವೆ ಮೇಲೆ ಇಪ್ಪತ್ತೆಂಟು ವರ್ಷ ನಿಂತ್ರು. ಒಂದಿನವೂ ಭಯ ಇಲ್ದೆ ಹತ್ತಿದ್ದಿಲ್ಲ ಅಂತ ಕೊನೇಗಾಲದಲ್ಲಿ ನನ್ನ ಹತ್ರ ಹೇಳಿದ್ರು.”

ನಾನೇ ಮುಂದುವರಿದೆ. “ಒಂದು ಕೆಲಸ ಮಾಡಣ. ಎಲ್ಲರೂ ನಮ್ಮನೆಗೆ ಬನ್ನಿ. ನೀವು ಕಂಬಿ ದಾಟಿ ಆಚೆ ಒಂದೇ ನಿಮಿಷ ನಿಂತ್ಕೊಳಿ ಸರ್. ನಾನು ಕೈ ಹಿಡ್ಕೋತೀನಿ. ಆಮೇಲೆ ಅಭ್ಯಾಸದ ಮಾತಾಡಣ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಧ್ಯಕ್ಷರ ಮುಖ ಕೆಂಪಾಯಿತು. ಹಸಿರು ಕಟ್ಟಡದ ಸರ್ಟಿಫಿಕೇಟು ಕೊಡುವವರು ಮುಂದಿನ ವಾರ ನೋಡಲು ಬರುತ್ತಾರೆ, ಅದು ಮುಗಿಯಲಿ, ಆಮೇಲೆ ಇದನ್ನು ಚರ್ಚಿಸೋಣ ಎಂದು ತೀರ್ಮಾನವಾಯಿತು. ಅಲ್ಲಿಯ ತನಕ ಗಿಡಗಳು ಒಣಗಬಾರದು ಎಂದೂ ತೀರ್ಮಾನವಾಯಿತು. ಎರಡನೆಯದನ್ನು ಹೇಗೆ ಮಾಡುತ್ತಾರೆ ಎಂದು ನಾನು ಎದ್ದು ನಿಂತು ಕೇಳಬೇಕಾಗಿತ್ತು. ಕೇಳಲಿಲ್ಲ. ಸಿಟ್ಟಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ನಮ್ಮ ಬಾಲ್ಕನಿಯಿಂದ ಯಾರನ್ನೂ ಆಚೆ ಬಿಡುವುದಿಲ್ಲ ಎಂದು ಸೂಪರ್‌ವೈಜರಿಗೆ ಹೇಳಿದೆ. ಅಷ್ಟಕ್ಕೆ ನನ್ನ ಪಾಲಿನದು ಮುಗಿಯಿತು ಎಂದುಕೊಂಡೆ. ಉಳಿದ ಮನೆಗಳ ಬಾಲ್ಕನಿಗಳು ತೆರೆದೇ ಇದ್ದವು.

ಸರ್ಟಿಫಿಕೇಟಿನವರು ಬರಲು ಎರಡು ದಿನ ಇರುವಾಗ ಆ ತೋಟದವನು ಎರಡನೇ ಮಹಡಿಯಿಂದ ಬಿದ್ದ. ನಾನು ಕ್ಲಾಸಿನಲ್ಲಿದ್ದೆ. ಸೆಕ್ಯೂರಿಟಿಯವನು ಯಜಮಾನರಿಗೆ ಫೋನ್ ಮಾಡಿ, ಅವರು ನನಗೆ ಮಾಡಿದರು. ಕೆಳಗೆ ಹೂವಿನ ಪಾತಿ ಇತ್ತು, ಅದಕ್ಕೇ ಜೀವ ಉಳಿಯಿತು. ಪಾತಿಯ ಅಂಚಿನ ಕಲ್ಲಿಗೆ ಸೊಂಟ ಬಡಿದಿತ್ತು. ಬಲಗಾಲಿನ ಹಿಮ್ಮಡಿಯ ಮೂಳೆ ಪುಡಿಯಾಗಿತ್ತು.

ಆಸ್ಪತ್ರೆಗೆ ಹೋದಾಗ ಅವನ ಹೆಂಡತಿ ವಾರ್ಡಿನ ಹೊರಗೆ ಗೋಡೆಗೆ ಒರಗಿ ಕೂತಿದ್ದಳು. ಊರಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ರೇಷ್ಮೆ ಸಾಕುವ ಹುಳುಮನೆಯಿಂದ ಎದ್ದವಳು ಹಾಗೇ ಬಂದಿರಬೇಕು, ಸೀರೆಗೆ ಹಿಪ್ಪುನೇರಳೆ ಸೊಪ್ಪಿನ ಚೂರುಗಳು ಅಂಟಿದ್ದವು.

“ನೀವು ಆ ಬಿಲ್ಡಿಂಗಿನೋರಾ?” ಎಂದು ಕೇಳಿದಳು.

“ಹೌದಮ್ಮ.”

“ಬಾವಿ ತೋಡಕ್ಕೆ ಹೋಗಿ ಬಿದ್ದಿದ್ರೆ ನೀರಾದ್ರೂ ಬೇಕಾಗಿತ್ತು ಅನ್ಕೋತಿದ್ದೆ. ಗೋಡೆಗೆ ಅಂಟಿಸಿರೋ ಗಿಡಕ್ಕಮ್ಮ ಇವನು ಬಿದ್ದಿದ್ದು. ಅದು ಒಣಗಿದ್ರೆ ನಿಮಗೆ ಏನಾಗ್ತಿತ್ತು?”

ಅವಳ ಪಕ್ಕ ಕೂತು ಮೆಸೇಜಿನ ವಿಷಯ ಹೇಳಿದೆ. ಆ ಸಲ ಬಿದ್ದಿದ್ದು ನನ್ನ ಗಿಡಕ್ಕಲ್ಲ, ಆದರೆ ಕಂಪ್ಲೇಂಟು ಶುರುವಾಗಿದ್ದು ನನ್ನಿಂದ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡು ಮುಖ ಆ ಕಡೆ ತಿರುಗಿಸಿಕೊಂಡಳು. ನಾನು ತಂದಿದ್ದ ಊಟದ ಡಬ್ಬಿ ಮಧ್ಯದಲ್ಲಿ ಹಾಗೇ ಇತ್ತು.

ಅವತ್ತು ಸಂಜೆ ಗ್ರೂಪಿನಲ್ಲಿ ಅಸೋಸಿಯೇಷನ್ನಿನ ಪ್ರಕಟಣೆ ಬಂತು. ಸುರಕ್ಷತಾ ಬೆಲ್ಟ್ ಒದಗಿಸಲಾಗಿದ್ದರೂ ಕೆಲಸಗಾರರು ಅದನ್ನು ಬಳಸದೆ ನಿರ್ಲಕ್ಷ್ಯ ವಹಿಸಿದ್ದರಿಂದ ಈ ಘಟನೆ ನಡೆದಿದೆ, ಶೀಘ್ರ ಗುಣವಾಗಲೆಂದು ಪ್ರಾರ್ಥಿಸೋಣ ಎಂದಿತ್ತು. ಕೆಳಗೆ ಸಾಲುಸಾಲು ಜೋಡಿಸಿದ ಕೈಗಳ ಚಿತ್ರ. ಅದರ ಕೆಳಗೆ ಒಬ್ಬರು, ಹೂವಿನ ಪಾತಿ ಹಾಳಾಗಿದೆ, ನಾಡಿದ್ದು ಅವರು ನೋಡಲು ಬರುವಷ್ಟರಲ್ಲಿ ಸರಿ ಮಾಡುತ್ತಾರಾ ಎಂದು ಕೇಳಿದ್ದರು. ‘ಬೆಲ್ಟನ್ನು ಎಲ್ಲಿಗೆ ಕಟ್ಟಬೇಕಿತ್ತು, ಯಾರಾದರೂ ಹೇಳಿ’ ಎಂದು ಬರೆದೆ. ಐದು ನಿಮಿಷದಲ್ಲಿ ನನ್ನ ಮೆಸೇಜನ್ನು ಅಳಿಸಿಹಾಕಿದರು.

ಬರುವವರು ಬಂದರು, ನೋಡಿದರು. ಅವರು ನೀರು, ಕರೆಂಟು, ತಂಪು ಎಲ್ಲ ಅಳೆದರಂತೆ. ಗಿಡಕ್ಕೆ ನೀರು ಹಾಕುವವನು ಎಲ್ಲಿ ನಿಲ್ಲುತ್ತಾನೆ ಎಂದು ಕೇಳಿದರೋ ಇಲ್ಲವೋ, ನಾನು ಶಾಲೆಯಲ್ಲಿದ್ದೆ. ಸರ್ಟಿಫಿಕೇಟಂತೂ ಬಂತು. ಗೇಟಿನಲ್ಲಿ ಹಿತ್ತಾಳೆಯ ಫಲಕ ಹಾಕಿಸಿ ಸಿಹಿ ಹಂಚಿದರು. ನಮ್ಮ ಮನೆಗೂ ಒಂದು ಡಬ್ಬಿ ಬಂತು. ತಂದವರ ಕೈಯಲ್ಲೇ ವಾಪಸು ಕಳಿಸಿದೆ.

ಕಾರ್ಮಿಕ ಇಲಾಖೆಗೆ ದೂರು ಬರೆದೆ. ನಾಲ್ಕು ಪುಟ, ಕೈಬರಹದಲ್ಲಿ. ಜೊತೆಗೆ ಗೋಡೆಯ ಫೋಟೋಗಳು, ಎಂಜಿನಿಯರು ತೋರಿಸಿದ ಹಳೆಯ ನಕ್ಷೆಯ ವಿಷಯ. ನಾನು ಮೊದಲು ಹಾಕಿದ್ದ ಮೆಸೇಜನ್ನೂ ಪ್ರಿಂಟ್ ತೆಗೆದು ಲಗತ್ತಿಸಿದೆ.

“ಅದ್ಯಾಕೆ ಹಾಕ್ತೀಯ? ನಿನ್ನ ತಲೆ ಮೇಲೇ ಬರುತ್ತೆ” ಎಂದರು ಯಜಮಾನರು.

“ಬರ್ಲಿ. ನನ್ನದನ್ನ ಮುಚ್ಚಿಟ್ಟು ಬೇರೆಯವರದ್ದು ಹೇಳೋಕೆ ನನ್ನ ಕೈಲಾಗಲ್ಲ.”

ಇನ್ಸ್‌ಪೆಕ್ಟರ್ ಒಬ್ಬ ಹೆಂಗಸು. ಇಲಾಖೆಯಿಂದ ಬಂದವರು ಕೆಳಗೆ ನಿಂತು ಗೋಡೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಅಧ್ಯಕ್ಷರು ರೂಮಿನಿಂದ ಬೆಲ್ಟ್ ತರಿಸಿದರು. ಅದರ ಪ್ಲಾಸ್ಟಿಕ್ ಕವರು ಇನ್ನೂ ಬಿಚ್ಚಿರಲಿಲ್ಲ. ಇನ್ಸ್‌ಪೆಕ್ಟರ್ ಅದನ್ನು ಅವರ ಕೈಗೇ ಕೊಟ್ಟು, “ಇದನ್ನ ಎಲ್ಲಿಗೆ ಸಿಕ್ಕಿಸ್ಬೇಕು, ತೋರ್ಸಿ” ಎಂದರು. ಅಧ್ಯಕ್ಷರು ಗೋಡೆ ನೋಡಿದರು, ಮೇಂಟೆನೆನ್ಸಿನ ಕಂಟ್ರಾಕ್ಟರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಆ ನೋಟದಲ್ಲಿ ನಾಚಿಕೆ ಇದ್ದಿದ್ದರೆ ನನ್ನ ಸಿಟ್ಟು ಅರ್ಧ ಕರಗುತ್ತಿತ್ತೇನೋ. ಇದ್ದದ್ದು ದ್ವೇಷ.

ಆಮೇಲಿನ ಎಂಟೊಂಬತ್ತು ತಿಂಗಳು ಲಿಫ್ಟಿನಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹೆಸರು ಕೆಡಿಸಿದೆ, ಫ್ಲಾಟುಗಳಿಗೆ ರೇಟು ಬರುವುದಿಲ್ಲ ಎಂದು ನನಗೆ ಕೇಳಿಸುವ ಹಾಗೇ ಆಡಿಕೊಂಡರು. ಪರಿಸರ ವಿರೋಧಿ ಎಂದೂ ಒಬ್ಬರು ಅಂದರಂತೆ. ಗಿಡದ ಮೇಲೆ ನನಗೇನು ಸಿಟ್ಟು? ತಂಪು ಮನೆಯಲ್ಲಿ ಕೂತು ಅದರ ಬೆಲೆಯನ್ನು ಇನ್ನೊಬ್ಬರ ಸೊಂಟದ ಮೇಲೆ ಹಾಕುವ ನಮ್ಮ ಮೇಲೆ ನನಗೆ ಸಿಟ್ಟು.

ಇಲಾಖೆಯ ಹಿಯರಿಂಗಿಗೆ ಅಲೆದಾಡಿ ಆದಮೇಲೆ ಬಿಲ್ಡರು ಮತ್ತು ಕಂಟ್ರಾಕ್ಟರು ಸೇರಿ ಅವನ ಆಸ್ಪತ್ರೆಯ ಖರ್ಚನ್ನೂ ಪರಿಹಾರವನ್ನೂ ಕೊಟ್ಟರು. ರಸ್ತೆಗೆ ಕಾಣುವ ಮುಂಭಾಗಕ್ಕೆ ಜಾಲರಿಯ ದಾರಿ, ಕಂಬಿ, ಕೊಂಡಿ ಎಲ್ಲ ಬಂತು. ಹಿಂಭಾಗಕ್ಕೆ ಅಷ್ಟು ಖರ್ಚು ಬೇಡವೆಂದು ಗಿಡಗಳನ್ನೆಲ್ಲ ಕಿತ್ತು ಪ್ಲಾಸ್ಟಿಕ್ಕಿನ ಬಳ್ಳಿ ಕೂರಿಸಿದರು. ನಮ್ಮ ಅಡುಗೆಮನೆ ಇರುವುದು ಹಿಂಭಾಗಕ್ಕೆ. ಈಗ ಅಲ್ಲಿ ಮೊದಲಿನ ತಂಪಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಕಾದು ಒಂಥರಾ ವಾಸನೆ ಬರುತ್ತದೆ.

ಕಳೆದ ತಿಂಗಳು ಶಾಲೆಗೆ ರಜೆ ಇದ್ದ ದಿನ ಕೆಂಚಾರ್ಲಹಳ್ಳಿಗೆ ಹೋಗಿದ್ದೆ. ಅವನು ಜಗುಲಿಯ ಮೇಲೆ ಕಾಲು ನೀಡಿ ಕೂತು ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದ. ಕೋಲು ಹಿಡಿದು ನಡೆಯುತ್ತಾನೆ, ಭಾರ ಎತ್ತುವ ಹಾಗಿಲ್ಲ. ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದ. ಬೇಡವೆಂದೆ.

“ನೀವ್ಯಾಕಮ್ಮ ಇಷ್ಟು ದೂರ? ಏನೋ ನನ್ನ ಟೈಮ್ ಸರಿ ಇರ್ಲಿಲ್ಲ” ಎಂದ.

ಒಳಗಿನಿಂದ ಹೆಂಡತಿ ಬಂದಳು. “ಟೈಮ್ ಅಂತೆ. ಗೋಡೆ ಮೇಲೆ ಹೋಗು ಅಂದೋರ್ನ ಬಿಟ್ಬಿಡ್ತಾನೆ, ಟೈಮ್ ಹಿಡ್ಕೊಂಡು ಬೈತಾನೆ” ಎಂದಳು. ಅವಳ ಸಿಟ್ಟು ಹಾಗೇ ಇತ್ತು. ಸತ್ಯವಾಗಿ ಹೇಳುವುದಾದರೆ, ಅದನ್ನು ಕಂಡು ನನಗೆ ಧೈರ್ಯ ಬಂತು. ಅವನ ಕ್ಷಮೆಯನ್ನು ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ.

ಹೊರಡುವಾಗ ಅವಳು ಬಸ್ ಸ್ಟಾಪಿನ ತನಕ ಬಂದಳು. ಬಸ್ಸು ಬಂದು ನಿಂತಾಗ, “ನಮ್ಮೂರೋರು ಇನ್ನಿಬ್ರು ನಿಮ್ಮ ಆ ಹೊಸಾ ಬಿಲ್ಡಿಂಗಿಗೆ ಸೇರವ್ರೆ. ಗಾಜು ಒರೆಸೋ ಕೆಲಸ ಅಂತೆ” ಎಂದಳು. “ನೋಡ್ಕಳಿ” ಎಂದಳು.

ನೋಡ್ಕೋತೀನಿ ಅಂದೆ. ಅವಳು ತಲೆಯಾಡಿಸಲಿಲ್ಲ, ಹೋಗಿ ಬನ್ನಿ ಎನ್ನಲಿಲ್ಲ. ಕಂಡಕ್ಟರು ಸೀಟಿ ಊದಿದ.