ಕೆರೆಯ ತಳದಲ್ಲಿ ಬಿಚ್ಚಿದ ಕೊಡೆ

ಬಿ.ಎಸ್ಸಿ. ಮುಗಿಸಿ ಸೊರಬದ ಶಾಲೆಗೆ ವಿಜ್ಞಾನ ಕಲಿಸಲು ಹೋದ ಮೊದಲ ದಿನವೇ ನಾನು ಹಿಂದೂ ಮಹಾಸಾಗರವನ್ನು ಕಂಡೆ. ಅದು ಶಾಲೆಯ ಹಿತ್ತಲಿನಲ್ಲಿತ್ತು. ನೆಲಕ್ಕೆ ಹೂತ ಗೂಟದ ಮೇಲೆ ಎತ್ತಿನಗಾಡಿಯ ಗಾಲಿಯೊಂದನ್ನು ಅಡ್ಡಲಾಗಿ ಕೂರಿಸಿದ್ದರು. ಗಾಲಿಯ ಮೇಲೆ ಹಿತ್ತಾಳೆಯ ಅಗಲ ಪರಾತ, ಅದರ ತುಂಬ ನೀರು, ನೀರ ಮೇಲೆ ಭತ್ತದ ಹೊಟ್ಟು, ಒಂದು ಅಂಚಿಗೆ ಜೇಡಿಮಣ್ಣಿನ ಆಫ್ರಿಕಾ, ಇನ್ನೊಂದು ಅಂಚಿಗೆ ಇಂಡಿಯಾ. ಪಂಚೆ ಎತ್ತಿ ಕಟ್ಟಿದ, ಕೋಟಿನ ತೋಳಿಗೆಲ್ಲ ಕೀಲೆಣ್ಣೆ ಮೆತ್ತಿಕೊಂಡ ದಪ್ಪನೆಯ ಮನುಷ್ಯರೊಬ್ಬರು ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತ, ಮೊರ ಹಿಡಿದು ನಿಂತ ಹುಡುಗರಿಗೆ ಕೂಗುತ್ತಿದ್ದರು:

"ಬೀಸ್ರಲೇ ಮುಂಗಾರು! ಆಫ್ರಿಕಾದಿಂದ ಹೊಂಟ ಹೊಟ್ಟು ಮಲಬಾರು ಮುಟ್ಟಬೇಕು!"

"ಸಾರ್, ಸಿಲೋನ್ ಕರಗ್ತಾ ಇದೆ!"

"ಕರಗ್ಲಿ ಬಿಡೋ. ನಾಳೆ ಇನ್ನೊಂದು ಮಾಡಿದ್ರಾತು."

ಅವರೇ ಭೂಗೋಳದ ವೀರಭದ್ರಪ್ಪ ಮೇಷ್ಟ್ರು. ಊರು ಶಿಕಾರಿಪುರ. ಗಾಳಿ ಎಂದರೆ ಅವರಿಗೆ ಪ್ರಾಣ. ತರಗತಿಗೆ ಹೋಗುವ ಮುನ್ನ, ಊಟಕ್ಕೆ ಕೂರುವ ಮುನ್ನ ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು ದಿಕ್ಕು ನೋಡುತ್ತಿದ್ದರು. "ಗಾಳಿ ಸಾಹುಕಾರ, ನೀರು ಆಳು. ಆದ್ರೆ ಆಳಿಗೂ ತನ್ನದೊಂದು ಬುದ್ಧಿ ಇರ್ತೈತ್ರೀ" ಎನ್ನುವುದು ಅವರ ಮಾತು. ಗಾಲಿ ನಿಂತಿದ್ದಾಗ ಹೊಟ್ಟು ಗಾಳಿಯ ಹಿಂದೆಯೇ ಹೋಗುತ್ತಿತ್ತು. ತಿರುಗಿಸಿದರೆ ಬಲಕ್ಕೆ ಓರೆಯಾಗುತ್ತಿತ್ತು. ಭೂಮಿ ತಿರುಗುವುದರಿಂದ ಸಮುದ್ರದಲ್ಲೂ ಹೀಗೇ ಎಂದು ಅವರು ಹೇಳುವಾಗ ಹಿಂದಿನ ಬೆಂಚಿನ ಹುಡುಗರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಪರಾತ ಮಾತ್ರ ಮನೆಯದು. ನೆಂಟರು ಬಂದಾಗಲೆಲ್ಲ ಅವರ ಹೆಂಡತಿ, "ಹಿಟ್ಟು ಕಲಸೋಕೆ ಪರಾತ ಇಲ್ರೀ, ಸಮುದ್ರಕ್ಕೆ ಹೋಗೈತೆ" ಎಂದು ನಗುತ್ತಿದ್ದರು.

ಒಂದು ದಿನ ಅವರು ಬಾವಿಗೆ ಹಾಕುವ ನೇರಳೆ ಔಷಧಿಯ ಹರಳೊಂದನ್ನು ಪರಾತದ ತಳಕ್ಕೆ ಬಿಟ್ಟು ಮೊರ ಬೀಸಿಸಿದರು. ಮೇಲೆ ಹೊಟ್ಟು ಆ ಕಡೆ ಓಡಿದರೆ, ತಳದಲ್ಲಿ ಬಣ್ಣದ ಎಳೆ ಈ ಕಡೆ ಬಂತು.

"ನೋಡಿದ್ರಾ? ಮೇಲಿನ ನೀರು ಹೋದಷ್ಟೂ ತಳದ ನೀರು ವಾಪಸ್ ಬರ್ತೈತೆ!"

"ಪರಾತಕ್ಕೆ ಗೋಡೆ ಇದೆಯಲ್ಲ ಸಾರ್," ಎಂದೆ. "ಗೋಡೆಗೆ ಬಡಿದು ತಿರುಗುತ್ತೆ."

"ಕೆರೆಗೂ ಗೋಡೆ ಐತಲ್ರೀ, ಏರಿ ಅಂತ. ಬರ್ರಿ, ಅಲ್ಲೇ ನೋಡೋಣ."

ಹಾಗೆ ಶ್ರಾವಣದ ಒಂದು ಭಾನುವಾರ ನಾವಿಬ್ಬರೂ ಹೊಸಬಾಳೆಯ ಆಚೆಯ ಕೆರೆಯೊಂದಕ್ಕೆ ಹೋದೆವು. ಕೆರೆ ಕೋಡಿ ಬಿದ್ದಿತ್ತು. ತುಂಬಿದ ನೀರು ಕಲ್ಲಿನ ಕಟ್ಟೆ ದಾಟಿ ಎರಡಾಳು ಕೆಳಗಿನ ಬಂಡೆಗಳ ಮೇಲೆ ಧುಮುಕುತ್ತಿತ್ತು. ಮೀನು ಹಿಡಿಯುವ ಹುಚ್ಚಪ್ಪ ತನ್ನ ಹರಿಗೋಲು ಕೊಟ್ಟ, ತಾನೂ ಬರುತ್ತೇನೆ ಎಂದ. ಮೇಷ್ಟ್ರು ಒಪ್ಪಲಿಲ್ಲ. ಅವನ ಕೈಯಿಂದ ಹುಟ್ಟನ್ನೂ ಇಸಿದುಕೊಂಡು ದಡದಲ್ಲೇ ಇಟ್ಟರು.

"ನೀನು ಹುಟ್ಟು ಹಾಕಿದ್ರೆ ನೀರು ಕಲಕ್ತೈತೆ. ಅದಕ್ಕೆ ಎಲ್ಲಿ ಹೋಗೋ ಮನಸೈತೋ ನಮಗೆ ಗೊತ್ತಾಗೋದಿಲ್ಲ."

"ಎಂತ ಮಾರಾಯ್ರೆ, ನೀರಿನ ಮನಸು ಕೇಳ್ಕಂಡು ಯಾರಾದ್ರೂ ಕೆರೆಗೆ ಇಳಿತಾರಾ?"

ಒಂದು ಬಿದಿರ ಗಳದಿಂದ ತಳ್ಳಿಕೊಂಡು ನಡುನೀರಿಗೆ ಬಂದೆವು. ಅಲ್ಲಿ ಗಳ ತಳ ಮುಟ್ಟಲಿಲ್ಲ. ಮೇಷ್ಟ್ರಿಗೆ ಅದರ ಪರಿವೆಯೇ ಇರಲಿಲ್ಲ. ಒಣಗಿದ ಸೋರೆಬುರುಡೆ ಎರಡು ತಂದಿದ್ದರು. ಒಂದನ್ನು ಹಾಗೇ ತೇಲಿಬಿಟ್ಟರು. ತಮ್ಮ ಕರಿ ಕೊಡೆಯನ್ನು ಬಿಚ್ಚಿ, ಅದಕ್ಕೆ ಕಲ್ಲು ಕಟ್ಟಿ, ಉದ್ದನೆಯ ಹುರಿಯಲ್ಲಿ ಇನ್ನೊಂದು ಬುರುಡೆಗೆ ಬಿಗಿದು ಆಳಕ್ಕೆ ಇಳಿಬಿಟ್ಟರು. ತಳದ ನೀರು ಕೊಡೆಯನ್ನು ಎಳೆದ ಕಡೆ ಈ ಬುರುಡೆ ಹೋಗಬೇಕು. ಬುರುಡೆಗೆ ಕಟ್ಟಿದ ಇನ್ನೊಂದು ಹಗ್ಗದ ತುದಿ ಅವರ ಕೈಯಲ್ಲಿತ್ತು.

ಬರಿಯ ಬುರುಡೆ ಗಾಳಿಯ ಜೊತೆ ಓಡಿತು. ಕೊಡೆಯ ಬುರುಡೆ ನಮ್ಮಿಂದ ಮೆಲ್ಲಗೆ ಹಿಂದೆ ಸರಿಯತೊಡಗಿತು, ಗಾಳಿಗೆ ಎದುರಾಗಿ.

"ಹೊಂಟಿತ್ರೀ!" ಮೇಷ್ಟ್ರು ಕುಣಿದ ರಭಸಕ್ಕೆ ಹರಿಗೋಲು ಬುಗುರಿಯಂತೆ ತಿರುಗಿತು. "ವಾಪಸ್ ಹೊಂಟಿತು!"

ಆ ಒಂದು ಸುತ್ತಿನಲ್ಲಿ ನನಗೆ ದಡ ಕಾಣಿಸಿತು. ದಡದ ಹುಣಸೆಮರ ಎದುರಿಗಿದ್ದದ್ದು ಈಗ ಬೆನ್ನ ಹಿಂದೆ ಇತ್ತು.

"ಸಾರ್, ಬುರುಡೆ ಹಿಂದಕ್ಕೆ ಹೋಗ್ತಾ ಇಲ್ಲ. ನಾವು ಮುಂದಕ್ಕೆ ಹೋಗ್ತಾ ಇದ್ದೀವಿ."

ಕೋಡಿಯ ಸದ್ದು ಆಗ ಕಿವಿಗೆ ಬಿತ್ತು. ನಾನು ಗಳ ಹಾಕಿದೆ, ತಳವಿಲ್ಲ. ಕೈಯಿಂದ ನೀರು ತೋಡಿದೆ. ಬರಿಯ ಬುರುಡೆ ಕಟ್ಟೆಯ ಅಂಚಿನಲ್ಲಿ ಒಂದು ಗಳಿಗೆ ನಿಂತು ಇಲ್ಲವಾಯಿತು. ನನಗೆ ಈಜು ಬರುತ್ತಿರಲಿಲ್ಲ, ಅವರಿಗೂ ಬರುತ್ತಿರಲಿಲ್ಲ. ಮೇಷ್ಟ್ರು ಕೊಡೆಯ ಬುರುಡೆಯ ಹಗ್ಗವನ್ನು ಹರಿಗೋಲಿನ ಅಂಚಿಗೆ ಬಿಗಿದರು. ಹಗ್ಗ ಸೆಟೆದು ಜಗ್ಗಿತು. ಹರಿಗೋಲು ಮುಗ್ಗರಿಸಿದ ಎತ್ತಿನ ಹಾಗೆ ತಡೆಯಿತು. ನಿಲ್ಲಲಿಲ್ಲ, ಆದರೆ ಓಟ ನಡಿಗೆಯಾಯಿತು.

ಅಷ್ಟರಲ್ಲಿ ಹುಚ್ಚಪ್ಪ ಏರಿಯ ಮೇಲೆ ಓಡಿಬಂದು ಕೋಡಿಯ ಪಕ್ಕದ ಕಲ್ಲಿನ ಮೇಲೆ ನಿಂತಿದ್ದ. ಬೀಸುಬಲೆ ಎಸೆದ. ಅದು ನಮಗೆ ಎಟುಕದೆ ಬಿತ್ತು. ಮತ್ತೆ ಬಲೆಯನ್ನು ಎಳೆದು, ಒಟ್ಟಿ, ತೋಳಿಗೆ ಹಾಕಿಕೊಂಡ ಆ ಹೊತ್ತು ನನಗೆ ಇನ್ನೂ ಮುಗಿದಿಲ್ಲ. ಬಚ್ಚಲ ಹಂಡೆ ತುಂಬಿ ನೀರು ಹೊರಚೆಲ್ಲಿದರೆ ಸಾಕು, ಅವನು ಬಲೆ ಒಟ್ಟುತ್ತಲೇ ಇರುತ್ತಾನೆ, ನಾನು ಕಟ್ಟೆಯ ಅಂಚನ್ನೇ ನೋಡುತ್ತಿರುತ್ತೇನೆ. ಎರಡನೆಯ ಸಲ ಬಲೆ ನಮ್ಮಿಬ್ಬರ ತಲೆಯ ಮೇಲೇ ಬಿತ್ತು. ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡೆವು. ದೊಡ್ಡ ಮೀನು ಎಳೆದ ಹಾಗೆ ಎಳೆದು ದಡಕ್ಕೆ ಹಾಕಿದ.

"ಭೂಗೋಳ ಕಲಿಸೋರಿಗೆ ಕೋಡಿ ಯಾವ ದಿಕ್ಕಿಗಿದೆ ಅಂತ ಗೊತ್ತಿಲ್ವ ಮಾರಾಯ್ರೆ?" ಎಂದು ಬೈದು, ಅಲ್ಲೇ ಕೂತು ಅತ್ತುಬಿಟ್ಟ.

ಮೇಷ್ಟ್ರು ಬಲೆಯೊಳಗಿಂದಲೇ ಕೇಳಿದರು: "ತಳದ ನೀರು ಹಿಂದಕ್ಕೆ ಎಳೀತೋ ಇಲ್ಲೋ? ಹೇಳ್ರೀ."

"ಕೊಡೆ ಭಾರಕ್ಕೆ ನಿಧಾನ ಆಗಿರಬಹುದು ಸಾರ್."

ಅವರು ಬಲೆಯಿಂದ ತಲೆ ಹೊರಗೆ ಹಾಕಿದರು. "ಹೌದಲ್ರೀ, ನಿಂತ ನೀರಾದ್ರೂ ಕೊಡೆ ತಡೀತಿತ್ತು. ಹಂಗಾದ್ರೆ ಇನ್ನೊಂದ್ಸಲ ಹೋಗ್ಬೇಕಾತು."

"ನೀವು ಹೋಗಿ."

ಮರುವರ್ಷ ಅವರಿಗೆ ಶಿಕಾರಿಪುರಕ್ಕೆ ವರ್ಗವಾಯಿತು. ಬಸ್ ಹತ್ತಿಸಲು ಹೋದೆ. ಕಿಟಕಿಯ ಪಕ್ಕ ಕೂತು ಹಳೆಯ ವಾದವನ್ನೇ ತೆಗೆದರು: ಅಷ್ಟು ಸಣ್ಣ ಕೊಡೆಗೆ ಇಬ್ಬರನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು, ತಳದ ನೀರೇ ಎಳೆದಿರಬೇಕು. ಉತ್ತರ ಹೇಳುವಷ್ಟರಲ್ಲಿ ಬಸ್ ಹೊರಟಿತು. ಸದ್ದಿನಲ್ಲಿ ಅವರ ಮಾತು ಕೇಳಿಸಲಿಲ್ಲ. ಆಗ ಎರಡೂ ಕೈ ಒಂದರ ಮೇಲೊಂದು ಹಿಡಿದು ಕಿಟಕಿಯಿಂದ ಹೊರಗೆ ಚಾಚಿದರು. ಮೇಲಿನ ಅಂಗೈಯನ್ನು ಬಸ್ಸು ಹೋಗುವ ಕಡೆಗೆ ಸರಿಸಿದರು, ಕೆಳಗಿನದನ್ನು ನನ್ನ ಕಡೆಗೆ. ಮತ್ತೆ ಮತ್ತೆ ಹಾಗೇ ಮಾಡಿದರು. ಪಕ್ಕದವರಿಗೆ ಏನೆನಿಸಿತೋ. ತಿರುವಿನಲ್ಲಿ ಬಸ್ ಮರೆಯಾಗುವವರೆಗೂ ಕೆಳಗಿನ ಕೈ ನನ್ನ ಕಡೆಗೆ ಬರುತ್ತಲೇ ಇತ್ತು. ಮತ್ತೆ ಅವರನ್ನು ನಾನು ಕಾಣಲಿಲ್ಲ.